ಕೃದಂತ ರಚನೆಗಳ ಅರ್ಥಗ್ರಹಣ: ಕಾರಕ ದೃಷ್ಟಿಯ ಗಣಕ ವಿಶ್ಲೇಷಣೆ

ವಾಕ್ಯದ ಅರ್ಥವನ್ನು ಗಣಕಕ್ಕೆ ಗ್ರಾಹ್ಯವಾಗುವಂತೆ ನಿರೂಪಿಸುವ ವಿಧಾನಗಳಲ್ಲಿ ವ್ಯಾಕರಣವನ್ನೇ ಆಧಾರವಾಗಿಸಿಕೊಂಡ ಪದ್ಧತಿಯೊಂದಿದೆ. ಪದಗಳನ್ನು ಪ್ರಕೃತಿ-ಪ್ರತ್ಯಯಗಳಾಗಿ ಬಿಡಿಸಿ, ಕ್ರಿಯೆಯನ್ನು ಕೇಂದ್ರದಲ್ಲಿರಿಸಿ, ನಾಮಪದಗಳು ಅದರೊಡನೆ ಹೊಂದಿರುವ ಸಂಬಂಧವನ್ನು ನಿರ್ಧರಿಸುವುದು ಅದರ ಕ್ರಮ. ‘ಅಕ್ಷರ ಭಾರತಿ’ ಎಂಬ ಸಮೂಹನಾಮದೊಡನೆ ವಿನೀತ ಚೈತನ್ಯ, ರಾಜೀವ ಸಂಗಲ್ ಅವರು 1995ರಲ್ಲಿ ಪ್ರಕಟಿಸಿದ ಗ್ರಂಥವು ಪಾಣಿನಿಯ ಕಾರಕ ಪರಿಕಲ್ಪನೆಯನ್ನು ಭಾರತೀಯ ಭಾಷೆಗಳ ಗಣಕ ವಿಶ್ಲೇಷಣೆಗೆ ಅಳವಡಿಸಿತು.

ಕನ್ನಡದಲ್ಲಿ ವಿಭಕ್ತಿಯಿಂದ ಕಾರಕಕ್ಕೆ ನೇರವಾದ ದಾರಿಯಿಲ್ಲ. ‘ಸೀತೆಗೆ ಕೊಟ್ಟನು’, ‘ಊರಿಗೆ ಹೋದನು’, ‘ಹತ್ತು ಗಂಟೆಗೆ ಎದ್ದನು’, ‘ನೂರು ರೂಪಾಯಿಗೆ ಮಾರಿದನು’ – ಎಲ್ಲೆಡೆ ಇರುವುದು ಚತುರ್ಥಿಯೇ; ಸಂಬಂಧಗಳು ಮಾತ್ರ ಬೇರೆ. ‘ಅವನಿಗೆ ಹಸಿವಾಯಿತು’ ಎಂಬಲ್ಲಿ ಅನುಭವಿಸುವವನು ಚತುರ್ಥಿಯಲ್ಲಿದ್ದು, ಆಖ್ಯಾತವು ‘ಹಸಿವು’ ಪದವನ್ನು ಅನುಸರಿಸುತ್ತದೆ. ಹಳಗನ್ನಡದ ವ್ಯಾಕರಣಗಳು ಚರ್ಚಿಸುವ ವಿಭಕ್ತಿಪಲ್ಲಟವನ್ನು ಬಲ್ಲವರಿಗೆ ಇದು ಹೊಸದಲ್ಲ. ಪ್ರತಿ ಧಾತುವಿನ ಆಕಾಂಕ್ಷೆಯನ್ನು ಕೋಶದಲ್ಲಿ ದಾಖಲಿಸಿದರೆ ಈ ತೊಡಕು ಬಹುಮಟ್ಟಿಗೆ ಪರಿಹಾರವಾಗುತ್ತದೆ.

ಕೃದಂತ ವಿಶೇಷಣಗಳ ಪ್ರಶ್ನೆ ಇದಕ್ಕಿಂತ ಜಟಿಲವಾದುದು. ‘ಹಣ್ಣು ತಿಂದ ಹುಡುಗ’, ‘ಹುಡುಗ ತಿಂದ ಹಣ್ಣು’, ‘ಹುಡುಗ ತಿಂದ ತಟ್ಟೆ’ ಇವುಗಳ ಬಾಹ್ಯರಚನೆ ಒಂದೇ. ಆದರೆ ವಿಶೇಷ್ಯವು ಮೊದಲನೆಯದರಲ್ಲಿ ಕರ್ತೃ, ಎರಡನೆಯದರಲ್ಲಿ ಕರ್ಮ, ಮೂರನೆಯದರಲ್ಲಿ ಅಧಿಕರಣ. ವಿಶೇಷ್ಯವು ಕೃದಂತದೊಡನೆ ಹೊಂದಿರುವ ಕಾರಕವನ್ನು ಸೂಚಿಸುವ ಪ್ರತ್ಯಯವೇ ಇಲ್ಲಿಲ್ಲ. ದ್ವಿತೀಯೆಯ ‘ಅನ್ನು’ ಲೋಪವಾಗುವುದರಿಂದ ಕೃದಂತದ ಹಿಂದಿನ ನಾಮಪದವೂ ನೆರವಿಗೆ ಬರುವುದಿಲ್ಲ. ಇಲ್ಲಿ ಅರ್ಥವನ್ನು ನಿಶ್ಚಯಿಸುವುದು ಮೀಮಾಂಸಕರು ಹೇಳುವ ಯೋಗ್ಯತೆ: ಹಣ್ಣು ಹುಡುಗನನ್ನು ತಿನ್ನಲಾರದು.

ಯೋಗ್ಯತೆಯೂ ಕೈಕೊಡುವ ಸಂದರ್ಭಗಳುಂಟು. ‘ಹುಲಿ ಕೊಂದ ಹಸು’ ಎಂದಾಗ ಸತ್ತದ್ದು ಹಸು. ‘ಹುಲಿ ಕೊಂದ ಸಳ’ ಎಂದಾಗ ಸತ್ತದ್ದು ಹುಲಿ. ಎರಡನೆಯದನ್ನು ನಾವು ಹಾಗೆ ಗ್ರಹಿಸುವುದು ಹೊಯ್ಸಳರ ಐತಿಹ್ಯದ ಬಲದಿಂದಲೇ ಹೊರತು ವ್ಯಾಕರಣದಿಂದಲ್ಲ. ‘ಹುಲಿ ಕೊಂದ ಬೇಟೆಗಾರ’ ಎಂದರೆ ಐತಿಹ್ಯದ ಆಸರೆಯೂ ಇಲ್ಲ.

ಇಂಥಲ್ಲಿ ವಿಶ್ಲೇಷಕವು ಒಂದೇ ಅರ್ಥವನ್ನು ಆರಿಸಿಕೊಡಬೇಕೆಂದು ನಿರೀಕ್ಷಿಸುವುದು ಸರಿಯಲ್ಲವೆಂದು ನನ್ನ ಅಭಿಪ್ರಾಯ. ಸಾಧ್ಯವಿರುವ ಎರಡೂ ಕಾರಕರಚನೆಗಳನ್ನು ಪ್ರತ್ಯೇಕವಾಗಿ ನಿರೂಪಿಸುವುದು ವ್ಯಾಕರಣದ ಹೊಣೆ. ಆಯ್ಕೆ ಸಂದರ್ಭಕ್ಕೆ ಸೇರಿದ್ದು. ಅಪಾರ ಪಠ್ಯರಾಶಿಯಿಂದ ಕಲಿತ ಇಂದಿನ ಭಾಷಾಮಾದರಿಗಳು ಹೆಚ್ಚು ಸಂಭವನೀಯವಾದ ಅರ್ಥವನ್ನು ಸರಾಗವಾಗಿ ನೀಡಬಲ್ಲವು. ಆದರೆ ಇನ್ನೊಂದು ಅರ್ಥವೂ ಇತ್ತೆಂಬುದು ಆ ಉತ್ತರದಲ್ಲಿ ಕಾಣದೆ ಹೋಗಬಹುದು. ‘ಹುಲಿ ಕೊಂದ ಬೇಟೆಗಾರ’ನ ಮುಂದೆ ‘ನಿಗೆ ಬಹುಮಾನ ದೊರೆಯಿತು’ ಎಂದು ಬರುವುದೋ, ‘ನ ಕುಟುಂಬಕ್ಕೆ ಪರಿಹಾರ ದೊರೆಯಿತು’ ಎಂದು ಬರುವುದೋ ತಿಳಿಯುವವರೆಗೆ ಎರಡು ರಚನೆಗಳೂ ಉಳಿದಿರಬೇಕು.