ಸಸ್ಯಾಹಾರಿ ಮನೆಯ ಮಕ್ಕಳ ತಟ್ಟೆಯಲ್ಲಿ ಏನಿರಬೇಕು?



ಊರಿಗೆಲ್ಲ ಬಡಿಸುವ ನಮ್ಮ ಮನೆಗಳಲ್ಲೇ ಮಕ್ಕಳ ಊಟ ಹಿಂದೆ ಬೀಳುವುದುಂಟು. ಬೆಳಿಗ್ಗೆಯ ಗಡಿಬಿಡಿಯಲ್ಲಿ ಒಂದು ಇಡ್ಲಿ, ಅರ್ಧ ಲೋಟ ಚಹಾ. ರಾತ್ರಿ ಹೋಟೆಲಿನಿಂದ ಬಂದ ಪೂರಿ. ಹೊಟ್ಟೆ ತುಂಬಿತು, ಪೋಷಣೆ ಸಿಕ್ಕಿತೇ? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 6 ತಿಂಗಳಿಂದ 5 ವರ್ಷದೊಳಗಿನ ಮಕ್ಕಳಲ್ಲಿ ಶೇ. 67 ಮಂದಿಗೆ ರಕ್ತಹೀನತೆ. ಇದು ಸಸ್ಯಾಹಾರಿಗಳಿಗಷ್ಟೇ ಸೀಮಿತವಲ್ಲ. ಆದರೆ ಕಾಳು, ಸೊಪ್ಪಿನಲ್ಲಿರುವ ಕಬ್ಬಿಣವನ್ನು ದೇಹ ಕಡಿಮೆ ಹೀರಿಕೊಳ್ಳುವುದರಿಂದ ನಾವು ಹೆಚ್ಚು ಎಚ್ಚರ ವಹಿಸಬೇಕು. ಬೇಕಾದ ಬಹುತೇಕ ಸಾಮಾನು ನಮ್ಮ ಉಗ್ರಾಣದಲ್ಲೇ ಇದೆ.

1. ಪ್ರೋಟೀನ್: ಅಕ್ಕಿಯಲ್ಲಿ ಕಡಿಮೆ ಇರುವ ಲೈಸಿನ್ ಉದ್ದಿನಲ್ಲಿದೆ, ಉದ್ದಿನಲ್ಲಿ ಕಡಿಮೆ ಇರುವ ಮೆಥಿಯೋನಿನ್ ಅಕ್ಕಿಯಲ್ಲಿದೆ. ಇಡ್ಲಿ ಒಳ್ಳೆಯ ಆಹಾರವಾಗುವುದು ಈ ಜೋಡಿಯಿಂದ. ಉದ್ದು ಕಡಿತ ಮಾಡಿದರೆ ಲಾಭ ಹೋಗುತ್ತದೆ. 6 ತಿಂಗಳು ತುಂಬಿದ ಮಗುವಿಗೆ ಎದೆಹಾಲಿನ ಜೊತೆಗೆ ಬೇಳೆಯ ತಿಳಿಕಟ್ಟು ಸಾಲದು. ಬೆಂದ ಬೇಳೆಯನ್ನೇ ಅನ್ನದೊಡನೆ ಹಿಸುಕಿ, ತುಪ್ಪ ಹಾಕಿ ಕೊಡಬೇಕು.

2. ಕಬ್ಬಿಣ: ಹೆಸರು, ಕಡಲೆ, ಹುರುಳಿ, ಹರಿವೆ ಸೊಪ್ಪು. ಕಾಳನ್ನು ಮೊಳಕೆ ಬರಿಸಿ, ಊಟದ ಹೊತ್ತಿಗೆ ನಿಂಬೆ ಹಿಂಡಿದರೆ ಕಬ್ಬಿಣ ಚೆನ್ನಾಗಿ ಒಳಸೇರುತ್ತದೆ. ಚಹಾ, ಕಾಫಿ ಅದನ್ನು ತಡೆಯುತ್ತವೆ. ಮಕ್ಕಳಿಗೆ ಬೇಡವೇ ಬೇಡ.

3. ಕ್ಯಾಲ್ಸಿಯಂ: 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಇದೆ. ಊರಿನ ರಾಗಿ ಮಣ್ಣಿಯನ್ನು ಮುಂಬಯಿಯಲ್ಲೂ ಮರೆಯಬಾರದು.

4. ಬಿ-12: ಮುಖ್ಯ ವಿಷಯ ಇದು. ಬೇಳೆ, ಸೊಪ್ಪು, ತರಕಾರಿಯಲ್ಲಿ ಇದು ಸಿಗದು. ಹುಳಿ ಬಂದ ಹಿಟ್ಟನ್ನು ನಂಬಿಯೂ ಕೂರುವಂತಿಲ್ಲ. ಹಾಲು, ಮೊಸರು ದಿನವೂ ಬೇಕು. ಹಾಲನ್ನೂ ಬಿಟ್ಟ ವೀಗನ್ ಕುಟುಂಬದ ಮಕ್ಕಳಿಗೆ, ಬಸುರಿ ಬಾಣಂತಿಯರಿಗೆ ವೈದ್ಯರ ಸಲಹೆಯಂತೆ ಬಿ-12 ಔಷಧಿ ಅಗತ್ಯ. ತಾಯಿಗೆ ಕೊರತೆಯಿದ್ದರೆ ಎದೆಹಾಲಿನಲ್ಲೂ ಕೊರತೆ. ತಡವಾದರೆ ಮಗುವಿನ ನರಗಳಿಗೆ ಶಾಶ್ವತ ಹಾನಿ ಆಗಬಹುದು.

5. ಜಾಗ್ರತೆ: ಒಂದು ವರ್ಷದೊಳಗೆ ಜೇನು ಬೇಡ. ಐದು ವರ್ಷದವರೆಗೆ ಇಡಿ ಶೇಂಗಾ, ಗೋಡಂಬಿ ಕೊಡದೆ ಪುಡಿ ಮಾಡಿ ಕೊಡಿ. ಗಂಟಲಲ್ಲಿ ಸಿಕ್ಕಿಕೊಳ್ಳುವ ಭಯವಿದೆ.

ಮಗು ಬಿಳಿಚಿಕೊಂಡಿದ್ದರೆ, ಬೇಗ ಸುಸ್ತಾಗುತ್ತಿದ್ದರೆ ರಕ್ತ ಪರೀಕ್ಷೆ ಮಾಡಿಸಿ. ಸ್ವಂತ ನಿರ್ಧಾರದಿಂದ ಕಬ್ಬಿಣದ ಮಾತ್ರೆ ಕೊಡಬೇಡಿ.

ಇದೇ ಪಾಠ ನಮ್ಮ ಹೋಟೆಲಿಗೂ ಅನ್ವಯಿಸುತ್ತದೆ. ಎರಡು ಸಣ್ಣ ಇಡ್ಲಿ, ಖಾರ ಕಡಿಮೆಯ ಗಟ್ಟಿ ಸಾಂಬಾರ್, ಒಂದು ಬಟ್ಟಲು ಮೊಸರು, ಒಂದು ಬಾಳೆಹಣ್ಣು: ಇಷ್ಟನ್ನು 'ಮಕ್ಕಳ ತಟ್ಟೆ' ಎಂದು ಮೆನುವಿನಲ್ಲಿ ಸೇರಿಸಲು ಹೊಸ ಖರ್ಚೇನಿಲ್ಲ. ಮೊದಲ ತಟ್ಟೆ ನಮ್ಮ ಮನೆಯ ಮಕ್ಕಳಿಗೇ ಹೋಗಲಿ.