ಎದುರಿಗೇ ಠಾಣೆ ಇದ್ದರೂ...

ಮಕ್ಕಳೇ, ಮೊದಲು ಒಂದು ಪ್ರಶ್ನೆ. ಬೆಂಕಿ ಬಿದ್ದ ಕಟ್ಟಡದ ಎದುರಿಗೇ ಅಗ್ನಿಶಾಮಕ ಠಾಣೆ ಇದ್ದರೆ ಆ ಕಟ್ಟಡ ಉಳಿಯುತ್ತದೆಯೇ? 'ಖಂಡಿತ ಉಳಿಯುತ್ತದೆ' ಎನ್ನುತ್ತೀರಿ ಅಲ್ಲವೇ? ಇಂಗ್ಲೆಂಡಿನ ನಾರ್ವಿಚ್ ನಗರದಲ್ಲಿ ಹಾಗಾಗಲಿಲ್ಲ. 1994ರ ಆಗಸ್ಟ್ 1ರ ಬೆಳಿಗ್ಗೆ ಅಲ್ಲಿನ ಕೇಂದ್ರ ಗ್ರಂಥಾಲಯಕ್ಕೆ ಬೆಂಕಿ ಹತ್ತಿತು. ಠಾಣೆ ಇದ್ದದ್ದು ಅದೇ ಬೀದಿಯಲ್ಲಿ, ಗ್ರಂಥಾಲಯದ ಎದುರಿಗೆ. ಆದರೂ 1 ಲಕ್ಷಕ್ಕೂ ಹೆಚ್ಚು ಪುಸ್ತಕಗಳು ಸುಟ್ಟು ಬೂದಿಯಾದವು. ನೆಲಮಾಳಿಗೆಯಲ್ಲಿದ್ದ ಹಳೆಯ ದಾಖಲೆಗಳು ಉಳಿದವು. ಆದರೆ ಅವು ನೀರಿನಲ್ಲಿ ತೊಯ್ದಿದ್ದವು.

ಏಕೆ ಹೀಗಾಯಿತು? ಉರಿಯಲು ಮೂರು ಬೇಕು: ಉರಿಯುವ ವಸ್ತು, ಶಾಖ, ಆಮ್ಲಜನಕ. ಒಣ ಕಾಗದ ತುಂಬಿದ ಕಟ್ಟಡದಲ್ಲಿ ಮೊದಲನೆಯದಕ್ಕೆ ಕೊರತೆಯಿಲ್ಲ. ಬೆಂಕಿಯ ಬಿಸಿ ಅನಿಲಗಳು ಮೇಲೇರಿ ಛಾವಣಿಯ ಕೆಳಗೆ ಶೇಖರವಾಗುತ್ತವೆ. ಅಲ್ಲಿಂದ ಶಾಖ ಕೆಳಗಿನ ವಸ್ತುಗಳಿಗೆ ಬಡಿಯುತ್ತದೆ. ಒಂದು ಹಂತದಲ್ಲಿ ಕೋಣೆಯಲ್ಲಿರುವ ಎಲ್ಲವೂ ಒಮ್ಮೆಗೇ ಹೊತ್ತಿಕೊಳ್ಳುತ್ತವೆ. ಇದಕ್ಕೆ ಕೆಲವೇ ನಿಮಿಷ ಸಾಕು. ಠಾಣೆ ಎಷ್ಟೇ ಹತ್ತಿರವಿರಲಿ, ಬೆಂಕಿ ಯಾರ ಕಣ್ಣಿಗಾದರೂ ಬಿದ್ದು ಸುದ್ದಿ ಮುಟ್ಟುವ ತನಕ ವಾಹನ ಹೊರಡುವುದಿಲ್ಲ. ಆದ್ದರಿಂದ ಅಗ್ನಿಶಾಮಕ ದಳದವರು ಲೆಕ್ಕ ಹಾಕುವುದು ಕಿಲೋಮೀಟರಿನಲ್ಲಿ ಅಲ್ಲ, ನಿಮಿಷಗಳಲ್ಲಿ.

ನಗರದಲ್ಲೇ ಹೀಗಾದರೆ ಹಳ್ಳಿಗಳ ಗತಿಯೇನು? ನಾರ್ವಿಚ್ ನಗರ ನಾರ್ಫೋಕ್ ಎಂಬ ಕೌಂಟಿಯಲ್ಲಿದೆ. ಕೌಂಟಿ ಎಂದರೆ ಹೆಚ್ಚುಕಡಿಮೆ ನಮ್ಮ ಜಿಲ್ಲೆ ಇದ್ದ ಹಾಗೆ. ನಾರ್ಫೋಕ್ ನಮ್ಮ ಮಂಡ್ಯ ಜಿಲ್ಲೆಗಿಂತ ತುಸು ದೊಡ್ಡದು, ಆದರೆ ಜನಸಂಖ್ಯೆ ಸುಮಾರು 9 ಲಕ್ಷ ಮಾತ್ರ. ಒಂದು ಕಡೆ ಸಮುದ್ರ, ಉಳಿದಂತೆ ಹೊಲಗಳು, ಚದುರಿದ ಹಳ್ಳಿಗಳು. ಇಲ್ಲಿನ ಅಗ್ನಿಶಾಮಕ ಮತ್ತು ರಕ್ಷಣಾ ಸೇವೆಯನ್ನು ಕೌಂಟಿ ಕೌನ್ಸಿಲ್ ನಡೆಸುತ್ತದೆ. 40ಕ್ಕೂ ಹೆಚ್ಚು ಠಾಣೆಗಳಿವೆ.

ಇಷ್ಟೊಂದು ಠಾಣೆಗಳಲ್ಲಿ ಹಗಲೂ ರಾತ್ರಿಯೂ ಸಿಬ್ಬಂದಿ ಕಾದು ಕುಳಿತಿರುತ್ತಾರೆಯೇ? ಇಲ್ಲ. ನಾರ್ವಿಚ್‌ನಂತಹ ದೊಡ್ಡ ಊರುಗಳಲ್ಲಿ ಮಾತ್ರ ಪೂರ್ಣಾವಧಿ ನೌಕರರಿದ್ದಾರೆ. ಇಂಗ್ಲೆಂಡಿನಲ್ಲಿ ಇವರನ್ನು ಸಾಮಾನ್ಯವಾಗಿ ಕೆಂಪು, ಬಿಳಿ, ನೀಲಿ, ಹಸಿರು ಎಂಬ ನಾಲ್ಕು ಪಾಳಿಗಳಾಗಿ ವಿಂಗಡಿಸಿರುತ್ತಾರೆ. ಉಳಿದ ಹೆಚ್ಚಿನ ಠಾಣೆಗಳಿಗೆ ಬೀಗ ಹಾಕಿರುತ್ತದೆ! ಒಳಗೆ ವಾಹನ ಸಿದ್ಧವಾಗಿ ನಿಂತಿರುತ್ತದೆ, ಆದರೆ ಒಬ್ಬರೂ ಇರುವುದಿಲ್ಲ.

ಹಾಗಾದರೆ ವಾಹನ ಓಡಿಸುವವರು ಯಾರು? ಊರಿನ ಅಂಗಡಿಯವರು, ರೈತರು, ಬಡಗಿಗಳು, ಶಿಕ್ಷಕಿಯರು. ಇವರು ತರಬೇತಿ ಪಡೆದ 'ಕರೆಗೆ ಬರುವ' ಸಿಬ್ಬಂದಿ. ಸೊಂಟದಲ್ಲಿ ಪೇಜರ್‌ನಂತಹ ಚಿಕ್ಕ ಸಾಧನ ಇರುತ್ತದೆ. ಅದು ಕೂಗಿದ ಕೂಡಲೇ ಕೈಯಲ್ಲಿದ್ದ ಕೆಲಸ ಬಿಟ್ಟು ಠಾಣೆಗೆ ಬರಬೇಕು. ಅದಕ್ಕೇ ಮನೆಯಾಗಲಿ ಕೆಲಸದ ಜಾಗವಾಗಲಿ ಠಾಣೆಯಿಂದ ಸುಮಾರು 5 ನಿಮಿಷದ ದಾರಿಯೊಳಗೆ ಇರಬೇಕೆಂಬ ನಿಯಮವಿದೆ. ಸ್ವಂತ ಕಾರಿನಲ್ಲಿ ಬರುವಾಗ ಸೈರನ್ ಹಾಕುವಂತಿಲ್ಲ, ವೇಗದ ಮಿತಿ ಮೀರುವಂತಿಲ್ಲ. ಬೆಂಕಿ ಆರಿಸಲು ಹೊರಟವರೇ ಅಪಘಾತ ಮಾಡಿಕೊಂಡರೆ ಹೇಗೆ? ನಾಲ್ಕೈದು ಜನ ಸೇರಿದ ಮೇಲೆ ವಾಹನ ಹೊರಡುತ್ತದೆ. ವಾರಕ್ಕೊಂದು ಸಂಜೆ ಅಭ್ಯಾಸ ಇರುತ್ತದೆ. ಸಿದ್ಧರಾಗಿರುವುದಕ್ಕೆ ಒಂದಿಷ್ಟು ಹಣ, ಕರೆಗೆ ಹೋದಾಗ ಮತ್ತಷ್ಟು ಹಣ ಸಿಗುತ್ತದೆ.

ಈ ಏರ್ಪಾಡು ಜಾಣತನದ್ದು. ಆದರೆ ಇದರಲ್ಲೊಂದು ತೊಡಕೂ ಇದೆ. ಈಗ ಹಳ್ಳಿಯ ಅನೇಕರು ಹಗಲು ಹೊತ್ತು ದೂರದ ಪಟ್ಟಣಕ್ಕೆ ಕೆಲಸಕ್ಕೆ ಹೋಗುತ್ತಾರೆ. ಪೇಜರ್ ಕೂಗಿದಾಗ ಸಾಕಷ್ಟು ಜನ ಸೇರದಿದ್ದರೆ ಆ ವಾಹನ ನಿಂತಲ್ಲೇ ನಿಲ್ಲುತ್ತದೆ. ಆಗ ಮುಂದಿನ ಊರಿನಿಂದ ಇನ್ನೊಂದು ವಾಹನ ಬರಬೇಕು. ಅಷ್ಟು ಹೊತ್ತೂ ಬೆಂಕಿ ಸುಮ್ಮನಿರುವುದಿಲ್ಲ.

ಸುದ್ದಿ ಮುಟ್ಟಿಸುವ ದಾರಿಯೂ ಹೀಗೇ ಮುಖ್ಯ. 1935ರಲ್ಲಿ ಲಂಡನ್ನಿನ ವಿಂಪೋಲ್ ಬೀದಿಯ ಒಂದು ಮನೆಗೆ ಬೆಂಕಿ ಬಿದ್ದು ಐವರು ಮಹಿಳೆಯರು ಸತ್ತರು. ಅದನ್ನು ಕಂಡ ನೆರೆಮನೆಯವರೊಬ್ಬರು ದೂರವಾಣಿ ಮಾಡಿದ್ದರು. ಆದರೆ ಅವರ ಕರೆ ಉಳಿದ ಸಾಮಾನ್ಯ ಕರೆಗಳ ಸಾಲಿನಲ್ಲಿ ಕಾಯುತ್ತಿತ್ತು! ಇದರಿಂದ ಎಚ್ಚೆತ್ತು 1937ರಲ್ಲಿ ಲಂಡನ್ನಿನಲ್ಲಿ 999 ಎಂಬ ತುರ್ತು ಸಂಖ್ಯೆಯನ್ನು ತಂದರು.

ಈಗ ವಾಹನದ ಬಾಗಿಲು ತೆರೆದು ನೋಡೋಣ. ಏಣಿಗಳಿವೆ, ದೊಡ್ಡದನ್ನು ಹಿಗ್ಗಿಸಿದರೆ 13.5 ಮೀಟರ್ ಎತ್ತರ. ಸುತ್ತಿಟ್ಟ ಕೊಳವೆಗಳಿವೆ. ಹೊಗೆಯಲ್ಲೂ ಮನುಷ್ಯರನ್ನು ಗುರುತಿಸಲು ಶಾಖವನ್ನು 'ನೋಡುವ' ಕ್ಯಾಮೆರಾ ಇದೆ. ನಜ್ಜುಗುಜ್ಜಾದ ಕಾರನ್ನು ಕತ್ತರಿಸಿ ಬಿಡಿಸುವ ದೊಡ್ಡ ಕತ್ತರಿಯೂ ಇದೆ. ರಸ್ತೆ ಅಪಘಾತದಲ್ಲಿ ಸಿಕ್ಕಿಕೊಂಡವರನ್ನು ಬಿಡಿಸುವುದು 2004ರ ಕಾಯ್ದೆಯ ಪ್ರಕಾರ ಅಲ್ಲಿನ ಅಗ್ನಿಶಾಮಕ ಸೇವೆಯ ಕರ್ತವ್ಯ.

ಟ್ಯಾಂಕಿನಲ್ಲಿ ಸುಮಾರು 1,800 ಲೀಟರ್ ನೀರಿರುತ್ತದೆ. ಇದು ಬಹಳ ಎನಿಸುತ್ತದೆಯೇ? ನಿಮಿಷಕ್ಕೆ 450 ಲೀಟರ್ ಚಿಮ್ಮಿಸಿದರೆ 4 ನಿಮಿಷದಲ್ಲಿ ಟ್ಯಾಂಕು ಬರಿದು. ಅದಕ್ಕೇ ಒಬ್ಬರು ಬೆಂಕಿಗೆ ನೀರು ಹಾರಿಸುತ್ತಿದ್ದಂತೆ ಇನ್ನೊಬ್ಬರು ಬೇರೆ ನೀರು ಹುಡುಕುತ್ತಾರೆ. ಇಂಗ್ಲೆಂಡಿನ ಬೀದಿಗಳಲ್ಲಿ ಹಳದಿ ಫಲಕಗಳನ್ನು ಕಾಣಬಹುದು. ಅವುಗಳ ಮೇಲೆ 'ಎಚ್' ಅಕ್ಷರ ಮತ್ತು ಎರಡು ಸಂಖ್ಯೆಗಳಿರುತ್ತವೆ. ಮೇಲಿನದು ನೆಲದಡಿಯ ನೀರಿನ ಕೊಳವೆ ಎಷ್ಟು ಮಿಲಿಮೀಟರ್ ಅಗಲ ಎಂದು, ಕೆಳಗಿನದು ನೀರು ತೆಗೆಯುವ ಬಾಯಿ ಎಷ್ಟು ಮೀಟರ್ ದೂರದಲ್ಲಿದೆ ಎಂದು ಹೇಳುತ್ತದೆ. ಕತ್ತಲಲ್ಲಿ ಬಂದವರೂ ಇದನ್ನು ಓದಿ ಹುಡುಕಬಹುದು.

ಕೊಳವೆ ನೀರಿಲ್ಲದ ಕಡೆ ಕೆರೆ, ಹೊಳೆಯೇ ಗತಿ. ಇಲ್ಲಿ ಒಂದು ಸ್ವಾರಸ್ಯವಿದೆ. ಎಳನೀರನ್ನು ಸ್ಟ್ರಾದಿಂದ ಕುಡಿಯುವಾಗ ನೀರನ್ನು ನಾವೇ ಮೇಲಕ್ಕೆಳೆಯುತ್ತೇವೆ ಎಂದುಕೊಳ್ಳುತ್ತೇವೆ. ನಿಜವಾಗಿ ನಾವು ಸ್ಟ್ರಾದೊಳಗಿನ ಗಾಳಿಯನ್ನು ಕಡಿಮೆ ಮಾಡುತ್ತೇವೆ, ಅಷ್ಟೇ. ನೀರನ್ನು ಮೇಲಕ್ಕೆ ತಳ್ಳುವುದು ಹೊರಗಿನ ವಾಯುವಿನ ಒತ್ತಡ. ವಾಹನದ ಪಂಪು ಮಾಡುವುದೂ ಇದನ್ನೇ. ವಾಯುವಿನ ಒತ್ತಡ ನೀರನ್ನು ಹೆಚ್ಚೆಂದರೆ ಸುಮಾರು 10 ಮೀಟರ್ ಎತ್ತಬಲ್ಲದು. ಬಳಕೆಯಲ್ಲಿ ಸಿಗುವುದು 7-8 ಮೀಟರ್ ಮಾತ್ರ. ನೀರು ಅದಕ್ಕಿಂತ ಆಳದಲ್ಲಿದ್ದರೆ, ದಂಡೆಯ ಮೇಲೆ ನಿಂತ ಪಂಪು ಎಷ್ಟೇ ಬಲವಾಗಿದ್ದರೂ ಪ್ರಯೋಜನವಿಲ್ಲ.

ಹೊಗೆ ತುಂಬಿದ ಮನೆಯೊಳಗೆ ಹೋಗುವವರು ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಳ್ಳುತ್ತಾರೆ. ಅದರಲ್ಲಿರುವುದು ಶುದ್ಧ ಆಮ್ಲಜನಕವಲ್ಲ, ಒತ್ತಿ ತುಂಬಿದ ಸಾಧಾರಣ ಗಾಳಿ. ಆಮ್ಲಜನಕವಾದರೆ ಬೆಂಕಿಗೆ ತುಪ್ಪ ಸುರಿದಂತೆಯೇ ಸರಿ! ಒಬ್ಬರೇ ಎಂದೂ ಒಳಗೆ ಹೋಗುವುದಿಲ್ಲ, ಜೋಡಿಯಾಗಿ ಹೋಗುತ್ತಾರೆ. ಹೋಗುವ ಮುನ್ನ ತಮ್ಮ ಹೆಸರಿನ ಬಿಲ್ಲೆಯನ್ನು ಬಾಗಿಲ ಬಳಿ ನಿಂತವರಿಗೆ ಕೊಡುತ್ತಾರೆ. ಅವರು ಅದನ್ನು ಹಲಗೆಗೆ ಸಿಕ್ಕಿಸಿ, ಒಳಗೆ ಹೋದ ಸಮಯ ಮತ್ತು ಉಳಿದ ಗಾಳಿಯ ಲೆಕ್ಕ ಇಡುತ್ತಾರೆ. ಗಾಳಿ ಕಡಿಮೆಯಾದರೆ ಸೀಟಿ ಊದುತ್ತದೆ. ಒಳಗಿದ್ದವರು ಕೆಲಹೊತ್ತು ಅಲುಗಾಡದಿದ್ದರೆ ಇನ್ನೊಂದು ಸಾಧನ ತಾನಾಗಿಯೇ ಕಿರುಚುತ್ತದೆ. ಎಲ್ಲ ಸಲಕರಣೆಗಳಿಗಿಂತ ಆ ಹಲಗೆಯೇ ನನಗೆ ಮೆಚ್ಚು. ಅದರ ಮೇಲೆ ಬಿಲ್ಲೆ ಉಳಿದಿದೆ ಎಂದರೆ ಒಬ್ಬರು ಇನ್ನೂ ಒಳಗಿದ್ದಾರೆ ಎಂದರ್ಥ.

ಕೆಲವು ದಿನ ಒಂದು ಕೌಂಟಿಯ ಶಕ್ತಿ ಸಾಲದು. 2022ರ ಜುಲೈ 19ರಂದು ಬ್ರಿಟನ್ನಿನಲ್ಲಿ ಮೊದಲ ಬಾರಿಗೆ ಉಷ್ಣಾಂಶ 40 ಡಿಗ್ರಿ ದಾಟಿತು. ಆ ದಿನ ನಾರ್ಫೋಕಿನ ಒಣಗಿದ ಹೊಲ, ಹುಲ್ಲುಗಾವಲುಗಳಿಗೆ ಬೆಂಕಿ ತಗುಲಿ ಹಳ್ಳಿಗಳಲ್ಲಿ ಮನೆಗಳು ಸುಟ್ಟವು. ಇಂತಹ ಹೊತ್ತಿನಲ್ಲಿ ನೆರೆಯ ಕೌಂಟಿಗಳು ವಾಹನ ಕಳುಹಿಸಬೇಕೆಂಬ ಒಪ್ಪಂದ ಇರುತ್ತದೆ. ಆದರೆ ಅಂದು ಬೇರೆ ಕಡೆಯೂ ಬೆಂಕಿ ಬಿದ್ದಿತ್ತು.

ನೀವೇ ಮಾಡಿ

ನಿಮ್ಮ ಶಾಲೆಗೆ ಅತಿ ಹತ್ತಿರದ ಅಗ್ನಿಶಾಮಕ ಠಾಣೆ ಯಾವ ಊರಿನಲ್ಲಿದೆ? ಶಿಕ್ಷಕರನ್ನು ಕೇಳಿ ದೂರ ತಿಳಿದುಕೊಳ್ಳಿ. ವಾಹನ ಗಂಟೆಗೆ 40 ಕಿ.ಮೀ. ವೇಗದಲ್ಲಿ ಬಂದರೆ ಎಷ್ಟು ನಿಮಿಷ ಬೇಕು? (20 ಕಿ.ಮೀ. ಆದರೆ 30 ನಿಮಿಷ.) 112 ಅಥವಾ 101ಕ್ಕೆ ಕರೆ ಮಾಡಿದರೆ ನಿಮ್ಮ ಊರಿನ ದಾರಿಯನ್ನು ಹೇಗೆ ಹೇಳುತ್ತೀರಿ? ಎರಡೇ ವಾಕ್ಯದಲ್ಲಿ ಬರೆಯಿರಿ. ವಾಹನ ಶಾಲೆಯ ಗೇಟಿನೊಳಗೆ ಬರುವಷ್ಟು ಜಾಗವಿದೆಯೇ? ಟ್ಯಾಂಕಿನ ನೀರು ಮುಗಿದರೆ ಹತ್ತಿರದಲ್ಲಿ ಕೆರೆ, ಬಾವಿ ಇದೆಯೇ? ಅದರ ನೀರು ಎಷ್ಟು ಆಳದಲ್ಲಿದೆ ಎಂದು ಹಿರಿಯರನ್ನು ಕೇಳಿ. ನೀವು ಬಾವಿಗೆ ಬಗ್ಗಿ ನೋಡಬೇಡಿ. ಪಂಪು ಆ ನೀರನ್ನು ಎತ್ತಬಲ್ಲದೇ?