ಬೇಡ ಅನ್ನೋದಕ್ಕೂ ಒಂದು ಬಟನ್

ನಾನು ಹುಟ್ಟಿದಾಗ ನಮ್ಮೂರು ಬೆಂಗಳೂರು ಗ್ರಾಮಾಂತರ ಜಿಲ್ಲೆಯಲ್ಲಿತ್ತು. 2007ರಲ್ಲಿ ರಾಮನಗರ ಜಿಲ್ಲೆಗೆ ಬಂತು. 2025ರಲ್ಲಿ ಅದೇ ಜಿಲ್ಲೆ ಬೆಂಗಳೂರು ದಕ್ಷಿಣವಾಯಿತು. ಮನೆ ಮಾತ್ರ ಚನ್ನಪಟ್ಟಣದ ಅದೇ ಬೀದಿಯಲ್ಲಿದೆ. ಆನ್‌ಲೈನ್ ಅರ್ಜಿ ತುಂಬುವಾಗ ಜಿಲ್ಲೆ ಯಾವುದು ಒತ್ತಲಿ ಎಂದು ಅಮ್ಮ ಕೇಳಿದರೆ, ಆ ಪಟ್ಟಿ ಯಾವ ಕಾಲದಲ್ಲಿ ಬರೆದದ್ದು ಎಂದು ಮೊದಲು ಪತ್ತೆ ಮಾಡಬೇಕು. ಸಾಫ್ಟ್‌ವೇರ್ ಓದಿದ ಮಗನಿಂದ ಮನೆಗೆ ಆಗುವ ಉಪಕಾರ ಸದ್ಯಕ್ಕೆ ಇಷ್ಟೇ.

ಬೆಳಿಗ್ಗೆ ಮೆಮು ರೈಲು ಹಿಡಿದು ಮೆಜೆಸ್ಟಿಕ್, ಅಲ್ಲಿಂದ ಮೆಟ್ರೋದ ನೇರಳೆ ಮಾರ್ಗದಲ್ಲಿ ವೈಟ್‌ಫೀಲ್ಡ್. 2023ರ ಅಕ್ಟೋಬರ್‌ನಲ್ಲಿ ಆ ಮಾರ್ಗ ಪೂರ್ತಿಯಾದ ಮೇಲೆ ಮಧ್ಯೆ ಬಸ್ಸಿಗೆ ಹತ್ತಿ ಇಳಿಯುವ ಪಾಡು ತಪ್ಪಿತು. ಅಂಗಡಿಯವರು ಸರಬರಾಜುದಾರರಿಂದ ಸರಕು ತರಿಸಿಕೊಳ್ಳುವ ಆ್ಯಪ್ ಒಂದರಲ್ಲಿ ನನ್ನ ಕೆಲಸ. ನಮ್ಮ ತಂಡದಲ್ಲಿ ದಿನಕ್ಕೆ ಹತ್ತು ಸಲ ಕೇಳಿಬರುವ ಮಾತು ‘ಫ್ರಿಕ್ಷನ್ ತೆಗೀರಿ’. ಗಿರಾಕಿ ಎಲ್ಲೂ ನಿಲ್ಲಬಾರದು, ಯೋಚಿಸಬಾರದು, ಬೆರಳು ಜಾರಿಕೊಂಡು ಹೋಗಿ ‘ಒಪ್ಪಿಗೆ’ಯ ಮೇಲೆ ಬೀಳಬೇಕು.

ಇದನ್ನು ನಾನೂ ನಂಬಿದ್ದವನೇ. ಅನುಮಾನ ಹುಟ್ಟಿದ್ದು ನಮ್ಮೂರಿನ ರಸ್ತೆ ನೋಡಿ. 2023ರ ಮಾರ್ಚ್‌ನಲ್ಲಿ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾಯಿತು. ಬಿಡದಿ, ರಾಮನಗರ, ಚನ್ನಪಟ್ಟಣ ಎಲ್ಲಕ್ಕೂ ಬೈಪಾಸ್. ಕಾರಿನವರಿಗೆ ಹಬ್ಬ. ಹಳೇ ಹೆದ್ದಾರಿಯ ಬದಿಯಲ್ಲಿ ಬೊಂಬೆ ಅಂಗಡಿ ಇಟ್ಟವರಿಗೆ ಮಾತ್ರ, ಮಕ್ಕಳು ಹಟ ಹಿಡಿದು ಕಾರು ನಿಲ್ಲಿಸುತ್ತಿದ್ದ ಆ ಐದು ನಿಮಿಷವೇ ವ್ಯಾಪಾರವಾಗಿತ್ತು. ನಮ್ಮ ಬೀದಿಯಲ್ಲೇ ಬೊಂಬೆ ಕಡೆಯುವವರಿದ್ದಾರೆ. ತಿರುಗುತ್ತಿರುವ ಆಲೆ ಮರದ ತುಂಡಿಗೆ ಅರಗಿನ ಕಡ್ಡಿ ಒತ್ತಿ ಹಿಡಿಯುತ್ತಾರೆ. ಉಜ್ಜಿದ ಬಿಸಿಗೆ ಅರಗು ಕರಗಿ ಮರವನ್ನು ಹಿಡಿದುಕೊಳ್ಳುತ್ತದೆ, ಮೇಲೆ ತಾಳೆ ಗರಿ ಒತ್ತಿದರೆ ಹೊಳಪು. ಅಲ್ಲಿ ಫ್ರಿಕ್ಷನ್ ತೆಗೆದರೆ ಬಣ್ಣವೇ ಕೂರುವುದಿಲ್ಲ. ಇದನ್ನು ಆಫೀಸಿನಲ್ಲಿ ಹೇಳಿದೆ. ಎಲ್ಲರೂ ನಕ್ಕು ಸ್ಕ್ರೀನಿನತ್ತ ತಿರುಗಿದರು.

ಆಮೇಲೆ ಒಂದು ಸಲ ಚಿಕ್ಕಪ್ಪನ ಜೊತೆ ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಗೆ ಹೋದೆ. ಚಿಕ್ಕಪ್ಪನದು ಕನಕಪುರ ತಾಲ್ಲೂಕು. ಹಿಪ್ಪುನೇರಳೆ ತೋಟ, ಹುಳು ಮನೆ. ಪೊರೆ ಕಳಚುವ ನಾಲ್ಕನೇ ಜ್ವರ ಎದ್ದ ಮೇಲೆ ಹುಳು ತಿನ್ನುವ ಸೊಪ್ಪಿಗೆ ಲೆಕ್ಕವಿಲ್ಲ, ಆ ವಾರ ಮನೆಯಲ್ಲಿ ಯಾರಿಗೂ ಸರಿಯಾಗಿ ನಿದ್ದೆಯಿಲ್ಲ. ನಮ್ಮಲ್ಲಿ ರಿಲೀಸ್ ಮುಂದಕ್ಕೆ ಹಾಕಬಹುದು. ಹಣ್ಣಾದ ಹುಳುವನ್ನು ಗೂಡು ಕಟ್ಟುವ ಚಂದ್ರಿಕೆಗೆ ಬಿಡುವುದನ್ನು ಸೋಮವಾರ ನೋಡೋಣ ಅನ್ನಲಾಗದು. ಇದನ್ನು ಕಂಡಾಗಿನಿಂದ ‘ಅರ್ಜೆಂಟ್’ ಎಂದು ಬರುವ ಮೆಸೇಜುಗಳ ಮೇಲಿನ ಭಯ ನನಗೆ ಅರ್ಧ ಇಳಿದಿದೆ.

ರಾಮನಗರದ ಮಾರುಕಟ್ಟೆ ಏಷ್ಯಾದಲ್ಲೇ ದೊಡ್ಡದು ಎಂದು ಹೆಸರಾದದ್ದು. ಒಂದು ಕಾಲದಲ್ಲಿ ಎಲ್ಲ ಬಾಯಲ್ಲೇ ಕೂಗುವ ಹರಾಜು. ಈಗ ರೈತನಿಗೆ ಲಾಟ್ ನಂಬರು ಬರುತ್ತದೆ, ಗೂಡಿನಿಂದ ನೂಲು ಬಿಚ್ಚುವ ರೀಲರುಗಳು ಮೊಬೈಲಿನಲ್ಲೇ ಬೆಲೆ ಕೂಗುತ್ತಾರೆ, ದುಡ್ಡು ಬ್ಯಾಂಕ್ ಖಾತೆಗೆ ಹೋಗುತ್ತದೆ. ನನ್ನ ಕಣ್ಣು ಹೋದದ್ದು ರೀಲರುಗಳ ಕೈಯ ಮೇಲೆ. ಒಬ್ಬರ ಎಡಗೈಯಲ್ಲಿ ಫೋನು. ಬಲಗೈ ಮೊಣಕೈವರೆಗೂ ಗೂಡಿನ ರಾಶಿಯೊಳಗೆ. ಮೇಲಿನದನ್ನು ಮುಟ್ಟಲೂ ಇಲ್ಲ. ತಳದಿಂದ ಒಂದು ಹಿಡಿ ತೆಗೆದು, ಒಂದು ಗೂಡನ್ನು ಬೆರಳಲ್ಲಿ ಅದುಮಿ, ಇನ್ನೊಂದನ್ನು ಕಿವಿಯ ಹತ್ತಿರ ಅಲ್ಲಾಡಿಸಿದರು. ಒಳಗಿನ ಕೋಶ ಸದ್ದು ಮಾಡುವ ರೀತಿಯಲ್ಲೇ ಗೂಡು ಹದಕ್ಕೆ ಬಂದಿದೆಯೋ, ಹುಳು ಒಳಗೇ ಸತ್ತು ಅಂಟಿದೆಯೋ ಅವರಿಗೆ ತಿಳಿಯುತ್ತದೆ. ಆಮೇಲೆ ಫೋನು. ಯಂತ್ರ ಬಂದಿದ್ದು ಬೆಲೆ ಬರೆದುಕೊಳ್ಳುವುದಕ್ಕೆ, ಬೆಲೆ ಕಟ್ಟುವುದು ಕೈಯೇ.

ಮೊದಲ ಸುತ್ತು ಮುಗಿದು ನಮ್ಮ ಲಾಟಿನ ಬೆಲೆ ಬಂತು. ಚಿಕ್ಕಪ್ಪ ಒಂದು ಗಳಿಗೆ ಸುಮ್ಮನಿದ್ದರು.

‘ಬ್ಯಾಡ ಬುಡು’ ಅಂದರು.

‘ಬೇಡ ಅನ್ನಬೋದಾ ಚಿಕ್ಕಪ್ಪ?’

‘ಅನ್ನದೆ ಏನ್ಲಾ? ಗೂಡು ನಂದು. ಅಗೋ, ಆ ಸಾಬ್ರು ಅಷ್ಟೊತ್ತು ಕೈ ಆಡ್ಸುದ್ರಲ್ಲ, ಸುಮ್ಕೆ ಆಡ್ಸಿರ‍್ತಾರಾ? ಇನ್ನೊಂದ್ ಸುತ್ತಿಗೆ ಬತ್ತಾರೆ.’

ಬಂದ ಬೆಲೆಯನ್ನು ರೈತ ತಿರಸ್ಕರಿಸಬಹುದು, ಲಾಟು ಮುಂದಿನ ಸುತ್ತಿಗೆ ಹೋಗುತ್ತದೆ. ಹಾಗೆಂದು ಅದು ಪುಕ್ಕಟೆಯೂ ಅಲ್ಲ. ಹೊತ್ತು ಹೋದಷ್ಟೂ ಗೂಡಿನ ತೂಕ ಇಳಿಯುತ್ತದೆ. ದಿನಗಟ್ಟಲೆ ಮನೆಯಲ್ಲಿಟ್ಟರೆ ಚಿಟ್ಟೆ ಗೂಡು ತೂತು ಮಾಡಿಕೊಂಡು ಹೊರಗೆ ಬರುತ್ತದೆ. ನೂರಾರು ಮೀಟರ್ ಒಂದೇ ಎಳೆಯಾಗಿ ಬಿಚ್ಚಬೇಕಾದದ್ದು ಚೂರು ಚೂರು. ಆ ಕಡೆ ರೀಲರುಗಳೂ ಸಾಹುಕಾರರೇನಲ್ಲ, ಮನೆಗೆ ಅಂಟಿಕೊಂಡ ಶೆಡ್ಡಿನಲ್ಲಿ ಚರಕ, ಕಾಟೇಜ್ ಬೇಸಿನ್ ನಡೆಸುವವರು ಬೇಕಾದಷ್ಟು ಜನ. ಅವರಿಗೂ ಇವತ್ತಿನ ಕೆಲಸಕ್ಕೆ ಇವತ್ತೇ ಗೂಡು ಬೇಕು. ಇಬ್ಬರಿಗೂ ಅವಸರವಿದ್ದ ಕಡೆ ಒಬ್ಬನಿಗೆ ತಲೆಯಾಡಿಸದೆ ಇರುವ ಹಕ್ಕು ಇಟ್ಟಿರುವುದರಿಂದಲೇ ಆ ಹರಾಜಿಗೆ ಬೆಲೆ. ಎರಡನೇ ಸುತ್ತಿನಲ್ಲಿ ಕೆ.ಜಿ.ಗೆ ಸ್ವಲ್ಪ ಏರಿತು. ಅದನ್ನು ಕೂಗಿದ್ದು ಆ ಸಾಬರಲ್ಲ, ಬೇರೆ ಯಾರೋ. ಚಿಕ್ಕಪ್ಪ ಆ ವಿಷಯ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಆಫೀಸಿಗೆ ಬಂದು ನಮ್ಮ ಆ್ಯಪ್ ತೆಗೆದು ನೋಡಿದೆ. ಸರಬರಾಜುದಾರ ಬೆಲೆ ಬದಲಿಸಿದಾಗ ಅಂಗಡಿಯವನಿಗೆ ಒಂದು ನೋಟಿಸ್ ಹೋಗುತ್ತದೆ. ‘ಒಪ್ಪಿಗೆ’ ಹಸಿರು ಬಣ್ಣದಲ್ಲಿ ಪರದೆಯ ಅಗಲಕ್ಕೂ ಇದೆ. ‘ಬೇಡ’ ಎನ್ನಬೇಕಾದರೆ ಮೂಲೆಯ ಮೂರು ಚುಕ್ಕಿ ಒತ್ತಿ, ಅದರೊಳಗೆ ಇನ್ನೊಂದು ಪಟ್ಟಿಗೆ ಇಳಿಯಬೇಕು. ಸ್ವಲ್ಪ ಹೊತ್ತು ಸುಮ್ಮನಿದ್ದರೆ ತಾನಾಗಿ ಒಪ್ಪಿಗೆ. ಇದರಲ್ಲಿ ಯಾರ ಮೋಸವೂ ಇಲ್ಲ. ಫ್ರಿಕ್ಷನ್ ತೆಗೆದೂ ತೆಗೆದೂ ಇಲ್ಲಿಗೆ ಬಂದು ನಿಂತಿದೆ.

‘ಬೇಡ’ಕ್ಕೂ ಅಷ್ಟೇ ದೊಡ್ಡ ಬಟನ್ ಕೊಡೋಣ ಎಂದೆ. ಆರ್ಡರ್ ಬಿದ್ದುಹೋಗುತ್ತದೆ ಅಂದರು. ಕಡೆಗೆ ಒಂದಷ್ಟು ಅಂಗಡಿಗಳಿಗೆ ಮಾತ್ರ ಬಿಟ್ಟು ನೋಡಲು ಒಪ್ಪಿದರು. ತಿರಸ್ಕಾರ ಹೆಚ್ಚಾಯಿತು, ನಿಜ. ಆದರೆ ಸರಕು ಬಾಗಿಲಿಗೆ ಬಂದ ಮೇಲೆ ‘ನಾನು ಹೇಳೇ ಇರಲಿಲ್ಲ’ ಎಂದು ವಾಪಸ್ ಕಳಿಸುವುದು ಕಡಿಮೆಯಾಯಿತು. ಆ ಜಗಳ ಬಿಡಿಸುವ ಕಾಲ್‌ಸೆಂಟರಿನ ಹುಡುಗಿಯರೇ ಮೊದಲು ಗಮನಿಸಿ ಹೇಳಿದರು. ಬೇಡ ಅಂದವರು ಬರೆದ ಕಾರಣಗಳನ್ನು ಓದಿದರೆ ಯಾವ ಊರಲ್ಲಿ ಯಾವ ಸರಕಿನ ಬೆಲೆ ತಪ್ಪಾಗಿ ಕೂತಿದೆ ಎಂಬುದೂ ತಿಳಿಯುತ್ತಿತ್ತು. ಅಷ್ಟು ದಿನ ಅದೇ ಮಾಹಿತಿಗೆ ನಾವು ಸರ್ವೆ ಕಳಿಸುತ್ತಿದ್ದೆವು. ಯಾರೂ ತುಂಬುತ್ತಿರಲಿಲ್ಲ.

ತಾನಾಗಿ ಒಪ್ಪಿಗೆ ಬೀಳುವ ಗಡಿಯಾರ ಮಾತ್ರ ಇನ್ನೂ ಹಾಗೇ ಇದೆ. ಅದನ್ನು ತೆಗೆಯಬೇಕೆಂದು ನಾನು, ಅವಧಿ ಎರಡು ಪಟ್ಟು ಮಾಡಿದರೆ ಸಾಕೆಂದು ಮ್ಯಾನೇಜರು. ಬರುವ ಬುಧವಾರ ಮತ್ತೆ ಮೀಟಿಂಗ್ ಇದೆ. ಅಂದು ಬೆಳಿಗ್ಗೆ ರೈಲು ತಡವಾಗದಿದ್ದರೆ ಸಾಕು.